ಗೋಡೆಗೆ ಒಂದು ಗೇಣು

ಹೆಬ್ಬೆರಳನ್ನು ಗೋಡೆಗೆ ಒತ್ತಿ, ಕಿರುಬೆರಳನ್ನು ಕಾರಿನ ಹಿಂದಿನ ಬಂಪರಿನತ್ತ ಚಾಚಿ ಇನ್ಸ್‌ಪೆಕ್ಟರಮ್ಮ ಮೂರನೆಯ ಸಲ ಅಳೆದಳು. ಒಂದು ಗೇಣು, ಅದರ ಮೇಲೊಂದು ಬೆರಳು. ಮೊದಲೆರಡು ಸಲವೂ ಅಷ್ಟೇ ಬಂದಿತ್ತು.

"ಟೇಪು ತರಿಸ್ಲಾ ಮೇಡಂ?" ಎಂದ ಪೇದೆ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು.

"ಬೇಡ. ಇದನ್ನ ನಿಲ್ಲಿಸಿದವರು ಟೇಪು ಹಿಡಿದು ನಿಲ್ಲಿಸಿಲ್ಲ."

ಗಡಿಯಾರನಿಗೆ ಅರ್ಥವಾಗಲಿಲ್ಲ. ಅವಳಿಗೆ ಅರ್ಥವಾಗಿತ್ತು, ಕಷ್ಟ ಇದ್ದದ್ದೇ ಅಲ್ಲಿ.

ವಾಹನಗಳ ಹೊಗೆ ತಪಾಸಣೆ ನಡೆಯುವ ಈ ಶೆಡ್ಡಿನಲ್ಲಿ ಮಂಗಳವಾರ ಸಂಜೆ ತಪಾಸಣೆಗಾರ ನೆಲಕ್ಕೆ ಬಿದ್ದಿದ್ದ. ಶಟರ್ ಎಳೆದಿತ್ತು, ಈ ಬೂದು ಕಾರಿನ ಇಂಜಿನ್ ಓಡುತ್ತಿತ್ತು, ಒಳಗೆಲ್ಲ ಹೊಗೆ. ಆರೂವರೆಗೆ ಪಕ್ಕದ ಟೈರ್ ಅಂಗಡಿಯವನು ಶಟರ್ ಎತ್ತದೆ ಇದ್ದಿದ್ದರೆ ಅಂದೇ ಅವನ ಕಥೆ ಮುಗಿಯುತ್ತಿತ್ತು. ಇವತ್ತು ಶುಕ್ರವಾರ. ಆಸ್ಪತ್ರೆಯಲ್ಲಿ ಅವನಿನ್ನೂ ಕಣ್ಣು ಬಿಟ್ಟಿಲ್ಲ.

ಎಲ್ಲರೂ ಒಂದೇ ರಾಗ ಹಾಡಿದ್ದರು. ಗಾಳಿಗೆ ಧೂಳು ಬರುತ್ತಿತ್ತು, ಶಟರ್ ಎಳೆದುಕೊಂಡು ಟೆಸ್ಟ್ ಮಾಡಿದ, ಹೊಗೆ ತಲೆಗೆ ಏರಿತು, ಬಿದ್ದ. ತಲೆಯ ಹಿಂದಿನ ಊತ ಬಿದ್ದಾಗ ಆದದ್ದು. ಬೂದು ಕಾರಿನ ಯಜಮಾನ ಮಧ್ಯಾಹ್ನವೇ ಕೀಲಿ ಕೊಟ್ಟು ತನ್ನ ಅಂಗಡಿಗೆ ಹೋಗಿದ್ದ. ಸಂಜೆಯಿಡೀ ಗಿರಾಕಿಗಳ ಮುಂದೆಯೇ ಇದ್ದ.

"ಆ ಮಿಷಿನ್ನಿನ ಪೈಪು ತಗೊಂಡು ಬಾ," ಎಂದಳು. "ಈ ಕಾರಿನ ಸೈಲೆನ್ಸರಿಗೆ ತೂರಿಸು ನೋಡೋಣ."

ಬಾಗಿಲ ಪಕ್ಕದಲ್ಲಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮಿಷಿನ್ನು. ಅದರ ಹೊಗೆ ಎಳೆಯುವ ಪೈಪನ್ನು ಗಡಿಯಾರ ಎಳೆದ. ಕಾರಿನ ಮುಂದಿನ ಚಕ್ರದ ಹತ್ತಿರ ಬಂದು ಅದು ಮೊಂಡು ಹಿಡಿದು ನಿಂತಿತು.

"ಸಾಲಲ್ಲ ಮೇಡಂ."

"ಸಾಲಲ್ಲ. ಟೆಸ್ಟ್ ಮಾಡೋನು ಗಾಡೀನ ಮೂತಿ ಒಳಗೆ, ಬಾಲ ಬಾಗಿಲ ಕಡೆ ನಿಲ್ಲಿಸ್ತಾನೆ. ಆಗ ಪೈಪು ಸಿಗುತ್ತೆ, ಹೊಗೇನೂ ಹೊರಗೆ ಹೋಗುತ್ತೆ. ಇದು ಉಲ್ಟಾ ನಿಂತಿದೆ."

"ಅಂದ್ರೆ ಅವನು ಟೆಸ್ಟ್ ಮಾಡ್ತಿರಲಿಲ್ಲ."

"ಈ ಕಾರನ್ನ ಇಲ್ಲಿ ನಿಲ್ಲಿಸಿದ್ದೂ ಅವನಲ್ಲ."

ಗಡಿಯಾರ ಈ ಸಲ ಮಣಿಕಟ್ಟು ನೋಡಲಿಲ್ಲ.

ಅವಳು ಗೋಡೆಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದಳು. ಮೂರು ದಿನವಾದರೂ ಶೆಡ್ಡಿನಲ್ಲಿ ವಾಸನೆ ಆರಿರಲಿಲ್ಲ. ಪೆಟ್ರೋಲು, ಸುಟ್ಟ ಎಣ್ಣೆ, ಬಿಸಿ ತಗಡು. ಬೇರೆಯವರಿಗೆ ತಲೆನೋವು ಬರುವ ವಾಸನೆ. ಅವಳಿಗೆ ಅಪ್ಪನ ಅಂಗಿ ನೆನಪಾಯಿತು. ಸಾಕ್ಷಿ ಹುಡುಕಲು ಬಂದವಳಿಗೆ ಹೀಗೆಲ್ಲ ಮನೆ ನೆನಪಾಗಬಾರದು ಎಂದು ತನ್ನನ್ನು ತಾನೇ ಗದರಿಕೊಂಡಳು.

ಅಪ್ಪನ ಗ್ಯಾರೇಜಿಗೆ ಬರುವ ಗಾಡಿಗಳೆಲ್ಲ ಹಿಮ್ಮುಖವಾಗಿಯೇ ಒಳಗೆ ಬರಬೇಕಿತ್ತು. ರಿಪೇರಿಯಾದ ಗಾಡಿ ಗಿರಾಕಿಯ ಎದುರಿಗೆ ಸ್ಟಾರ್ಟ್ ಆಗದೆ ಮಾನ ಕಳೆದರೆ, ಮುಂದಕ್ಕೆ ತಳ್ಳಿ ಹೊರಗೆ ಹಾಕುವುದು ಸುಲಭ ಎನ್ನುವುದು ಅಪ್ಪನ ವಾದ. ಗೋಡೆಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ, ಅದೂ ಅಪ್ಪನ ಗೇಣು. ಆ ಜಾಗದಲ್ಲಿ ಕೈ ತೂರಿಸಿ, ಅಂಗೈಯನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಹೊಗೆಯ ಬಿಸಿ ನೋಡಿ, ಬಡಿತ ನೋಡಿ, ಆಮೇಲೆ ಅಂಗೈಯನ್ನೇ ಮೂಸಿ, ಇಂಜಿನ್ನಿನ ಜಾತಕ ಹೇಳಿಬಿಡುತ್ತಿದ್ದ. ಮಿಷಿನ್ನು, ಚೀಟಿ ಇವೆಲ್ಲ ಆಮೇಲೆ ಬಂದವು.

ರಿವರ್ಸ್ ಕಲಿಸುವಾಗ ಅಪ್ಪ ಗೋಡೆಯ ಬಳಿ ಕಲ್ಲು ಇಡುತ್ತಿರಲಿಲ್ಲ, ಕೋಲು ನೆಡುತ್ತಿರಲಿಲ್ಲ. ತನ್ನ ಎಡಗೈಯನ್ನೇ ಇಡುತ್ತಿದ್ದ. ಹೆಬ್ಬೆರಳು ಗೋಡೆಗೆ, ಕಿರುಬೆರಳು ಬರುವ ಗಾಡಿಗೆ. "ನನ್ನ ಕೈ ಈಗ ನಿಮ್ಮ ಕೈಲಿದೆ, ನೋಡ್ಕೊಂಡು ಬನ್ನಿ," ಎಂದು ನಗುತ್ತಾ ನಿಲ್ಲುತ್ತಿದ್ದ.

ಅಣ್ಣ ಹದಿನಾಲ್ಕನೆಯ ವಯಸ್ಸಿಗೇ ಅಪ್ಪನ ಬೆರಳ ತುದಿಗೆ ಬಂಪರ್ ಸೋಕಿಸಿ ನಿಲ್ಲಿಸಿದ್ದ. ಅವಳು ಮೊದಲ ಸಲಕ್ಕೇ ಒತ್ತಿಬಿಟ್ಟಿದ್ದಳು. ಅಪ್ಪನ ಕಿರುಬೆರಳಿನ ಉಗುರು ನಾಲ್ಕು ತಿಂಗಳು ಕಪ್ಪಗಿತ್ತು. ಕೇಳಿದವರಿಗೆಲ್ಲ ಸುತ್ತಿಗೆ ಬಿತ್ತು ಎಂದು ಹೇಳಿಕೊಂಡು ತಿರುಗಿದ್ದ.

ಆ ವಿದ್ಯೆ ಗೊತ್ತಿದ್ದವರು ಈಗ ಮೂವರೇ. ಒಬ್ಬಳು ಇಲ್ಲಿ ಮಂಡಿಯೂರಿ ಕೂತಿದ್ದಾಳೆ. ಅಣ್ಣನೋ, ಹೊಗೆ ನಿಯಂತ್ರಣ ಇಲಾಖೆಯ ದೊಡ್ಡ ಸಾಹೇಬ. ಹಳೆಯ ಕಾರಿನ ಬಾಗಿಲು ಮುಟ್ಟಿ ಇಪ್ಪತ್ತು ವರ್ಷವಾಗಿರಬೇಕು, ಕಂಡರೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾನೆ. ಉಳಿದವರು ದೊಡ್ಡಪ್ಪ. ಅಪ್ಪನ ಜೊತೆ ಗ್ಯಾರೇಜು ಕಟ್ಟಿದವರು, ಅಪ್ಪ ಹೋದ ಮೇಲೂ ಅದನ್ನೇ ನಡೆಸಿಕೊಂಡು ಬಂದವರು.

ಶೆಡ್ಡಿನ ರಿಜಿಸ್ಟರಿನ ಮಂಗಳವಾರದ ಪುಟದಲ್ಲಿ ತಪಾಸಣೆಗಾರ ಬರೆದ ಕೊನೆಯ ನಂಬರು ದೊಡ್ಡಪ್ಪನ ಹಸಿರು ಕಾರಿನದು. ಸಂಜೆ ಐದು ಗಂಟೆ. ಆ ಹೊತ್ತಿಗೆ ಒಳಗೆ ಜೋರು ಜೋರು ಮಾತು ಕೇಳಿಸಿತೆಂದು ಟೈರ್ ಅಂಗಡಿಯವನು ಹೇಳಿದ್ದ. ಶಟರ್ ಮೇಲೆ ಇಲಾಖೆಯ ಪಟ್ಟಿ ಅಂಟಿತ್ತು: ಹೊಗೆ ಪರೀಕ್ಷೆಯಲ್ಲಿ ಫೇಲಾದ ಹಳೆಯ ಕಾರುಗಳು, ಒಂದನೇ ತಾರೀಖು ಗುಜರಿಗೆ. ನಾಲ್ಕನೆಯ ಸಾಲಿನಲ್ಲಿ ಹಸಿರು ಕಾರು, ಕೆಳಗೆ ಅಣ್ಣನ ಸಹಿ.

ಆ ಕಾರು ದೊಡ್ಡಪ್ಪನಿಗೆ ಬಂದದ್ದು ಅಪ್ಪನಿಂದ. ಅದರ ಹಿಂದಿನ ಸೀಟಿನಲ್ಲೇ ಅವಳ ಅರ್ಧ ಬಾಲ್ಯ ಕಳೆದಿತ್ತು.

* * *

ತಪಾಸಣೆಗಾರನ ಹೆಂಡತಿ ಗೇಟಿನ ಬಳಿ ನಿಂತಿದ್ದಳು. ಆಸ್ಪತ್ರೆಯಿಂದ ಮನೆಗೆ ಹೋಗಿ ಬಂದವಳು. ಕೈಯಲ್ಲೊಂದು ಬಿಸ್ಕತ್ತಿನ ಡಬ್ಬ.

"ಮೇಡಂ, ಅವರು ತಾವಾಗೇ ಹೀಗೆ ಮಾಡ್ಕೊಂಡ್ರು ಅಂತ ಬೀದಿಯಲ್ಲಿ ಮಾತಾಡ್ತಿದಾರೆ. ನನ್ನ ಮಗಳು ಶಾಲೆಯಲ್ಲಿ ಕೇಳಿಸ್ಕೊಂಡು ಬಂದಳು. ಅಪ್ಪಂಗೆ ನಾವು ಬೇಡ ಆಗಿದ್ವಾ ಅಂತ ಕೇಳ್ತಾಳೆ."

"ನೀವೇನಂದ್ರಿ?"

"ಪೊಲೀಸಮ್ಮ ಬಂದು ನಿಜ ಹೇಳ್ತಾರೆ ಅಂದೆ."

ಇನ್ಸ್‌ಪೆಕ್ಟರಮ್ಮನಿಗೆ ಆ ಮಾತು ಲಾಠಿಗಿಂತ ಭಾರವಾಗಿ ಬಿತ್ತು. ಡಬ್ಬ ತೆಗೆದು ನೋಡಿದಳು. ಮಿಷಿನ್ನಿನಿಂದ ಬರುವ ಚೀಟಿಗಳು, ಸುರುಳಿ ಸುತ್ತಿ, ತಿಂಗಳಿಗೊಂದು ರಬ್ಬರು ಹಾಕಿ ಆಕೆಯ ಗಂಡ ಜೋಡಿಸಿದ್ದ.

"ಒಂದು ಚೀಟಿ ಗಿರಾಕಿಗೆ, ಒಂದು ನಮಗೆ. ಕಂಪ್ಯೂಟರ್ ನಂಬಬೇಡ, ಕಾಗದ ನಂಬು ಅಂತಿದ್ರು. ಒಂದು ವಾರದಿಂದ ಅವರಿಗೆ ಊಟ ಸೇರ್ತಿರಲಿಲ್ಲ. ಪಾಸಾದ ಗಾಡಿಗಳೂ ಆ ಪಟ್ಟಿಯಲ್ಲಿವೆ ಅಂತ. ಮಂಗಳವಾರ ಸಂಜೆ ಯಾರೋ ಚೀಟಿ ನೋಡೋಕೆ ಬರ್ತಾರೆ ಅಂದ್ರು."

"ಯಾರು?"

"ಹೇಳಲಿಲ್ಲ. ಡಬ್ಬ ಮಾತ್ರ ಮನೇಲೇ ಇಟ್ಟು ಹೋದ್ರು."

ಇನ್ಸ್‌ಪೆಕ್ಟರಮ್ಮ ಹಸಿರು ಕಾರಿನ ಚೀಟಿ ಹುಡುಕಿದಳು. ಹಿಂದಿನ ತಿಂಗಳದು. ಮಾಸಿದ ಅಕ್ಷರದಲ್ಲೂ ಸ್ಪಷ್ಟವಾಗಿತ್ತು: ಪಾಸ್. ಪಟ್ಟಿಯಲ್ಲಿ ಫೇಲ್. ಇನ್ನೂ ಮೂರು ಗಾಡಿಗಳ ಚೀಟಿ ತಾಳೆ ನೋಡಿದಳು. ಮೂರೂ ಹಾಗೇ. ಯಾರೋ ಗುಮಾಸ್ತ ನಿದ್ದೆಗಣ್ಣಲ್ಲಿ ಟೈಪು ಮಾಡಿರಬೇಕು ಎಂದುಕೊಂಡಳು. ಆದರೆ ಆ ತಪ್ಪಿನಿಂದ ತನ್ನ ಕಾರು ಗುಜರಿಗೆ ಹೋಗುತ್ತದೆಂದು ಹೊಟ್ಟೆ ಉರಿದುಕೊಂಡ ಮುದುಕ ತಪಾಸಣೆಗಾರನ ಮೇಲೇ ಕೈ ಮಾಡಿದ್ದರೆ?

ಮುದುಕ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ದೊಡ್ಡಪ್ಪ ಎಂದುಕೊಳ್ಳಲು ಆಗಲಿಲ್ಲ.

ಗಡಿಯಾರನನ್ನು ಶೆಡ್ಡಿನ ಕಾವಲಿಗೆ ಬಿಟ್ಟು ಒಬ್ಬಳೇ ಜೀಪು ಹತ್ತುವಾಗ ಅಣ್ಣನ ಫೋನು ಬಂತು.

"ಇನ್ನೂ ಅಲ್ಲೇ ಇದೀಯಾ ನಟ್ಟು? ಅದು ಆಕ್ಸಿಡೆಂಟ್ ಅಂತ ಮುಗಿಸೋದಲ್ವಾ. ಶಟರ್ ಎಳೀಬೇಡಿ ಅಂತ ಅವರಿಗೆ ನೂರು ಸಲ ಸುತ್ತೋಲೆ ಕಳಿಸಿದೀನಿ."

ಬೋಲ್ಟು, ನಟ್ಟು. ಅಪ್ಪ ಇಟ್ಟ ಹೆಸರುಗಳು. ಇಡೀ ಇಲಾಖೆ ಎದ್ದು ನಿಲ್ಲುವ ಸಾಹೇಬನಿಗೆ ಮನೆಯಲ್ಲಿ ಬೋಲ್ಟು ಎನ್ನುತ್ತಿದ್ದರೆಂದು ಅವನ ಡ್ರೈವರಿಗೂ ಗೊತ್ತಿರಲಿಲ್ಲ.

"ಆಕ್ಸಿಡೆಂಟ್ ಥರ ಕಾಣ್ತಿಲ್ಲ ಅಣ್ಣ. ನಿಮ್ಮ ಪಟ್ಟಿಯಲ್ಲೂ ಏನೋ ಎಡವಟ್ಟಾಗಿದೆ. ಅವನು ಚೀಟಿಗಳನ್ನ ಕೂಡಿಟ್ಟಿದ್ದಾನೆ, ಒಂದು ಡಬ್ಬದ ತುಂಬ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಎಲ್ಲಿದೆ ಡಬ್ಬ?"

"ನನ್ನ ಹತ್ರ. ದೊಡ್ಡಪ್ಪನ ಗ್ಯಾರೇಜಿಗೆ ಹೋಗ್ತಿದೀನಿ, ಅವರನ್ನ ಕೇಳೋದಿದೆ."

"ನಾನೂ ಅಲ್ಲಿಗೇ ಬರ್ತೀನಿ."

"ನೀನಾ?"

"ಬರಬಾರದಾ?"

ಆರು ವರ್ಷದ ಹಿಂದೆ ಮೊದಲ ಹೊಗೆ ನಿಯಮ ಬಂದಾಗ ಅಣ್ಣ ನೋಟಿಸನ್ನು ತನ್ನ ಕೈಯಾರೆ ತಂದು ದೊಡ್ಡಪ್ಪನ ಗೇಟಿಗೆ ಅಂಟಿಸಿದ್ದ. ಜವಾನನ ಕೈಲಿ ಕಳಿಸಿದ್ದರೂ ದೊಡ್ಡಪ್ಪ ಕ್ಷಮಿಸುತ್ತಿದ್ದರೇನೋ. ಅಂದಿನಿಂದ ಇಬ್ಬರಿಗೂ ಮುಖ ಕೊಟ್ಟು ಮಾತಿಲ್ಲ. ಮದುವೆ ಮನೆಯಲ್ಲೂ ಒಬ್ಬರು ಬಂದ ಬಾಗಿಲಲ್ಲಿ ಇನ್ನೊಬ್ಬರು ಹೊರಡುತ್ತಿದ್ದರು.

ಹೋಗುತ್ತಿರುವ ಕೆಲಸ ಎಂಥದೆಂದು ಗೊತ್ತಿದ್ದರೂ ಅವಳಿಗೆ ಖುಷಿಯಾಯಿತು. ಮೂವರೂ ಒಂದೇ ಸೂರಿನ ಕೆಳಗೆ. ಆರು ವರ್ಷದ ಮೇಲೆ.

* * *

ಗ್ಯಾರೇಜಿನ ಗೇಟಿನ ಮೇಲೆ ಹಳೆಯ ನೋಟಿಸಿನ ಅಂಟು ಇನ್ನೂ ಚೌಕಾಕಾರವಾಗಿ ಉಳಿದಿತ್ತು. ಪಕ್ಕದಲ್ಲಿ ಹೊಸ ನೋಟಿಸು. ಅಂಗಳದಲ್ಲಿ ಹಸಿರು ಕಾರು. ಒಳಗಿನ ಶೆಡ್ಡಿನಲ್ಲಿ ಮೂರು ಗಾಡಿ ನಿಲ್ಲುವಷ್ಟು ಜಾಗ. ನಿಂತಿದ್ದದ್ದು ಒಂದೇ ಗಾಡಿ, ಅದೂ ಮೂತಿ ಒಳಗೆ ಹಾಕಿಕೊಂಡು. ಅಪ್ಪ ಇದ್ದಿದ್ದರೆ ಹೊರಗೆ ತೆಗೆಸಿ ಮತ್ತೆ ಒಳಗೆ ಹಾಕಿಸುತ್ತಿದ್ದ ಎಂದುಕೊಂಡಳು.

ಚಿಕ್ಕಂದಿನಲ್ಲಿ ಮೇಲಿನ ಮಹಡಿಯಲ್ಲೇ ಅವಳ ಮನೆಯಿತ್ತು. ಆ ಕಿಟಕಿಯ ಕಟ್ಟೆಯನ್ನು ಅಮ್ಮ ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ಒರೆಸಿ ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಮಸಿ. ನಟ್ಟು ಆ ಮಸಿಯ ಮೇಲೆ ಬೆರಳಿನಿಂದ ಬೆಕ್ಕು ಬರೆಯುತ್ತಿದ್ದಳು, ಮೀಸೆ ಸಮೇತ. ಒರೆಸಿದ ಬಟ್ಟೆ ಒಗೆಯುವ ಕೆಲಸ ಅಣ್ಣನದು. ಬಕೆಟ್ಟಿನ ನೀರು ಕಪ್ಪಗಾಗುವುದನ್ನು ಅವನು ಸುಮ್ಮನೆ ನೋಡುತ್ತಾ ಕೂರುತ್ತಿದ್ದ. ಒಳಗೆ ಅಮ್ಮ ಕೆಮ್ಮುತ್ತಿದ್ದಳು. ಆ ಕೆಮ್ಮು ಎಷ್ಟು ಅಭ್ಯಾಸವಾಗಿತ್ತೆಂದರೆ, ನಿಂತಾಗಲೇ ಎಲ್ಲರೂ ತಲೆ ಎತ್ತಿ ನೋಡಿದ್ದು.

ಆದರೂ ಭಾನುವಾರ ಸಂಜೆ ಅಮ್ಮನೇ ಎಲ್ಲರಿಗಿಂತ ಮೊದಲು ಹಸಿರು ಕಾರಿನಲ್ಲಿ ಹೋಗಿ ಕೂರುತ್ತಿದ್ದಳು. ಮುಂದೆ ಅಪ್ಪ, ದೊಡ್ಡಪ್ಪ. ಹಿಂದೆ ಅಮ್ಮನ ಎಡಬಲಕ್ಕೆ ನಟ್ಟು, ಬೋಲ್ಟು. ಊರ ಹೊರಗಿನ ಸೇತುವೆಯವರೆಗೆ ಹೋಗಿ, ಇಳಿದು, ನೀರು ನೋಡಿ, ಮತ್ತೆ ಹತ್ತುವುದು. ಅಷ್ಟೇ. ಅದಕ್ಕಿಂತ ದೊಡ್ಡ ಸುಖವನ್ನು ಅವಳು ಆಮೇಲೆ ಕಾಣಲಿಲ್ಲ.

"ಬಂದ್ಯಾ ನಟ್ಟು?"

ದೊಡ್ಡಪ್ಪ ಕೆಲಸದ ಮೇಜಿನಿಂದ ತಿರುಗಿದರು. ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡಿದರು. ವಯಸ್ಸಾಗುತ್ತಾ ಇವರಿಗೆ ಗತ್ತು ಜಾಸ್ತಿಯಾಗಿದೆ ಎಂದು ಅವಳು ಬಹಳ ದಿನದಿಂದ ಅಂದುಕೊಂಡಿದ್ದಳು.

"ಯೂನಿಫಾರಮ್ಮಲ್ಲಿ ಬಂದಿದೀಯ. ಕೂತು ಮಾತಾಡಬಹುದಾ, ನಿಂತೇ ಇರಬೇಕಾ?"

"ಕೂತ್ಕೊಳಿ ದೊಡ್ಡಪ್ಪ." ಅವಳು ಮಾತ್ರ ಕೂರಲಿಲ್ಲ. "ಮಂಗಳವಾರ ಸಂಜೆ ಎಲ್ಲಿದ್ರಿ?"

"ಹೊಗೆ ಶೆಡ್ಡಲ್ಲಿ. ಅವನು ಬರ್ಕೊಂಡಿರ್ತಾನಲ್ಲ."

"ಜಗಳ ಆಡಿದ್ರಂತೆ."

"ಜಗಳ ಅಲ್ಲ ಕಣೇ. ದಿನಾ ಇಂಜಿನ್ ಪಕ್ಕ ನಿಲ್ಲೋ ಇಬ್ಬರು ಮಾತಾಡಿದ್ರೆ ಹಾಗೇ ಕೇಳಿಸುತ್ತೆ. ಅವನಿಗೂ ಕಿವಿ ಮಂದ, ನನಗೂ ಮಂದ."

"ಏನು ಮಾತು?"

"ಪಟ್ಟಿ ತಪ್ಪು ಅಂದೆ. ಅವನೂ ತಪ್ಪು ಅಂದ. ನಿಮ್ಮ ಗಾಡಿ ಪಾಸಾಗಿತ್ತು ಮೇಸ್ತ್ರಿ, ಚೀಟಿ ಇದೆ, ಇವತ್ತು ತೋರಿಸಿ ಸರಿ ಮಾಡಿಸ್ತೀನಿ ಅಂದ. ಐದೂಕಾಲಿಗೆ ಹೊರಟು ಬಂದೆ."

"ಸಿಟ್ಟು ಬರಲಿಲ್ವಾ?"

"ಬಂತು. ಆದ್ರೆ ಅವನ ಮೇಲಲ್ಲ." ದೊಡ್ಡಪ್ಪ ಗಾಡಿ ಬಿಚ್ಚುವ ಪಾನವೊಂದನ್ನು ಬಟ್ಟೆಯಿಂದ ಒರೆಸತೊಡಗಿದರು. "ನಲವತ್ತು ವರ್ಷದ ಇಂಜಿನ್ನನ್ನ ಆರು ತಿಂಗಳು ಕೂತು ಟ್ಯೂನ್ ಮಾಡಿದೀನಿ. ಹೊಸ ಕಾರಿನಷ್ಟೇ ಚೊಕ್ಕ ಹೊಗೆ. ನಿಮ್ಮಣ್ಣನ ನಿಯಮಾನ ಅವನ ಮಿಷಿನ್ನಲ್ಲೇ ಗೆದ್ದು ತೋರಿಸೋಣ ಅಂತ ಹಟ ನನಗೆ. ಗೆದ್ದೆ. ಗೆದ್ದಿದ್ದನ್ನ ಸೋತಿದೀಯ ಅಂತ ಬರೆದುಬಿಟ್ರು."

"ಅಣ್ಣನಿಗೂ ಕಾರಣ ಇದೆ ದೊಡ್ಡಪ್ಪ. ನನ್ನ ಮಗಳು ರಾತ್ರಿ ಉಸಿರಾಡೋಕೆ ಬಾಯಿಗೆ ಪಂಪು ಇಟ್ಕೊಂಡು ಮಲಗ್ತಾಳೆ."

"ಕಾರಣ ಇಲ್ಲ ಅಂದ್ನಾ ನಾನು? ಅವನು ಓದಿದ್ದು ಈ ಹೊಗೆಯಿಂದ. ಅಮ್ಮ ಹೋಗಿದ್ದೂ ಈ ಹೊಗೆಯಿಂದ ಅಂತಾನೆ. ಎರಡೂ ನಿಜ. ಅದಕ್ಕೇ ಅಲ್ವಾ ಆರು ತಿಂಗಳು ಆ ಕಾರ್ಬೊರೇಟರ್ ಜೊತೆ ಹೆಣಗಿದ್ದು? ಬಂದು ಒಂದು ಸಲ ಮೂಸಿ ನೋಡ್ಲಿ, ಸಾಕು ಅಂದ್ಕೊಂಡಿದ್ದೆ."

ಕೆಲಸ ಕೆಲಸವೇ ಎಂದು ಮುಂದುವರಿಸಿದಳು.

"ಬೂದು ಕಾರು ಉಲ್ಟಾ ನಿಂತಿತ್ತು. ರಿವರ್ಸ್ ಹಾಕಿ ನಿಲ್ಲಿಸಿದಾರೆ."

"ಯಾರಾದ್ರೂ ಹಾಕಿರ್ತಾರೆ."

"ಗೋಡೆಗೆ ಒಂದು ಗೇಣು ಬಿಟ್ಟು."

ಪಾನ ಒರೆಸುತ್ತಿದ್ದ ಕೈ ನಿಂತಿತು.

"ಎಷ್ಟು ಅಂದೆ?"

"ನನ್ನ ಗೇಣಿಗೆ ಒಂದು ಬೆರಳು ಹೆಚ್ಚು. ಅಪ್ಪನ ಗೇಣು."

ದೊಡ್ಡಪ್ಪ ಪಾನವನ್ನು ಮೇಜಿನ ಮೇಲೆ ಶಬ್ದವಾಗದ ಹಾಗೆ ಇಟ್ಟರು. ಒಂದೊಂದೇ ಬೆರಳನ್ನು ಬಟ್ಟೆಯಿಂದ ಒರೆಸಿಕೊಂಡರು. ಗೇಟಿನ ಕಡೆ ನೋಡಿದರು, ಮೇಲಿನ ಕಿಟಕಿಯ ಕಡೆ ನೋಡಿದರು. ಅಷ್ಟರಲ್ಲೇ ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು.

"ನಾನೇ," ಎಂದರು. "ಬರ್ಕೋ."

"ಏನನ್ನ?"

"ಪಟ್ಟಿಯಿಂದ ಹೆಸರು ತೆಗೆಯೋಕಾಗಲ್ಲ ಅಂದ. ತಳ್ಳಿದೆ. ಬಿದ್ದ. ಬೂದು ಕಾರನ್ನ ರಿವರ್ಸ್ ಹಾಕಿ, ಇಂಜಿನ್ ಬಿಟ್ಟು, ಶಟರ್ ಎಳೆದು ಬಂದೆ."

"ಈಗ ತಾನೇ ಬೇರೆ ಹೇಳಿದ್ರಿ."

"ಆಗ ಸುಳ್ಳು ಹೇಳಿದೆ."

ತಪ್ಪೊಪ್ಪಿಗೆ ಸಿಕ್ಕಿದರೆ ಪೊಲೀಸರಿಗೆ ಹೊಟ್ಟೆ ತುಂಬಿದಂತೆ. ಅವಳು ಪೆನ್ನು ತೆಗೆಯಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಸುಳ್ಳು ನಿರಾಕರಣೆ ಕೇಳಿ ಕೇಳಿ ಕಿವಿ ಹಣ್ಣಾಗಿತ್ತು. ಸುಳ್ಳು ಒಪ್ಪಿಗೆ ಕೇಳುತ್ತಿರುವುದು ಇದೇ ಮೊದಲು.

"ಏಳಿ," ಎಂದಳು. "ಮಾಡಿ ತೋರಿಸಿ."

"ಏನು?"

"ಹಸಿರು ಕಾರನ್ನ ರಿವರ್ಸಲ್ಲಿ ಒಳಗೆ ತನ್ನಿ. ಗೋಡೆಗೆ ಒಂದು ಗೇಣು."

"ತಮಾಷೆ ಮಾಡ್ತೀಯಾ?"

"ಯೂನಿಫಾರಮ್ಮಲ್ಲಿ ಇದ್ದಾಗ ತಮಾಷೆ ಮಾಡಲ್ಲ."

ಅವಳು ಕಾರಿನ ಬಾಗಿಲು ತೆಗೆದು, ಕಂಕುಳಲ್ಲಿದ್ದ ಬಿಸ್ಕತ್ತಿನ ಡಬ್ಬವನ್ನು ಮುಂದಿನ ಸೀಟಿನ ಮೇಲಿಟ್ಟು, ಶೆಡ್ಡಿನ ಹಿಂಗೋಡೆಗೆ ಹೋಗಿ ನಿಂತಳು. ಎಡಗೈ ಚಾಚಿದಳು. ಹೆಬ್ಬೆರಳು ಗೋಡೆಗೆ, ಕಿರುಬೆರಳು ಬರುವ ಗಾಡಿಗೆ.

ದೊಡ್ಡಪ್ಪ ಕೂತರು. ಇಂಜಿನ್ ಒಂದು ಸಲ ಕೆಮ್ಮಿತು, ಒಂದು ತುತ್ತು ನೀಲಿ ಹೊಗೆ ಬಿಟ್ಟಿತು, ಆಮೇಲೆ ಮಗುವಿನ ಹಾಗೆ ಸದ್ದಿಲ್ಲದೆ ಉಸಿರಾಡತೊಡಗಿತು. ನಿಜವಾಗಿಯೂ ಚೊಕ್ಕ ಹೊಗೆ. ಚೀಟಿ ಸುಳ್ಳು ಹೇಳಿರಲಿಲ್ಲ.

ಕಾರು ಗೇಟಿನ ಕಡೆ ಮೂತಿ ತಿರುಗಿಸಿಕೊಂಡಿತು. ಹಿಂದಕ್ಕೆ ಹೊರಟಿತು. ಕನ್ನಡಿಯಲ್ಲಿ ದೊಡ್ಡಪ್ಪನ ಕಣ್ಣು ಕಾಣುತ್ತಿತ್ತು. ಕತ್ತು ಮಾತ್ರ ಹಿಂದಕ್ಕೆ ತಿರುಗಲಿಲ್ಲ. ಹಿಂದಿನ ಬಂಪರ್ ಕಂಬದ ಕಡೆ ವಾಲಿತು. ನಿಂತಿತು. ಸ್ವಲ್ಪ ಮುಂದಕ್ಕೆ ಹೋಯಿತು. ಮತ್ತೆ ಹಿಂದಕ್ಕೆ ಬಂತು.

"ಕೈ ತೆಗಿ ನಟ್ಟು," ಎಂದರು ಕಿಟಕಿಯಿಂದ.

"ಅಪ್ಪ ತೆಗೀತಿದ್ನಾ?"

"ತೆಗಿ ಅಂದೆ."

"ಬನ್ನಿ ದೊಡ್ಡಪ್ಪ. ನನ್ನ ಕೈ ನಿಮ್ಮ ಕೈಲಿದೆ."

ಗೋಡೆಯಿಂದ ಮೂರು ಮಾರು ದೂರದಲ್ಲಿ ಇಂಜಿನ್ ಆರಿತು. ದೊಡ್ಡಪ್ಪ ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ಹಣೆ ಒತ್ತಿಕೊಂಡರು.

ಅವಳು ಹತ್ತಿರ ಹೋದಳು. "ಕತ್ತು?"

"ಎರಡು ವರ್ಷ ಆಯ್ತು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಡಾಕ್ಟರು ಕತ್ತಿಗೆ ಹಾಕ್ಕೊ ಅಂತ ಪಟ್ಟಿ ಕೊಟ್ಟ. ಕೋಟಿನ ಗೂಟದ ಕತ್ತಿಗೆ ಹಾಕಿದೀನಿ." ನಗಲು ನೋಡಿದರು. "ಗಾಡಿಗಳನ್ನ ಮೂತಿ ಒಳಗೆ ಹಾಕ್ತೀನಿ. ಹೊರಗೆ ಗಿರಾಕೀನೇ ತೆಗ್ಕೋತಾನೆ. ಯಾರಿಗೂ ಹೇಳ್ಬೇಡ, ಮೇಸ್ತ್ರಿಗೆ ರಿವರ್ಸ್ ಬರಲ್ಲ ಅಂದ್ರೆ ಅಂಗಡಿ ಮುಚ್ಚಿದ ಹಾಗೇ."

ಗತ್ತು ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಎರಡು ವರ್ಷದಲ್ಲಿ ಎಷ್ಟು ಸಲ ಬಂದು ಟೀ ಕುಡಿದು ಹೋಗಿದ್ದಳು. ಪತ್ತೇದಾರಿಕೆಗೆ ಪದಕ ಬೇರೆ ಬಂದಿತ್ತು.

"ಮತ್ತೆ ಯಾಕೆ ನಾನೇ ಅಂದ್ರಿ?"

ದೊಡ್ಡಪ್ಪ ಮತ್ತೆ ಹಣೆಯನ್ನು ಸ್ಟೀರಿಂಗಿಗೆ ಒತ್ತಿದರು.

"ಆಸ್ಪತ್ರೆಯಲ್ಲಿ ಒಬ್ಬ ಬಿದ್ದಿದ್ದಾನೆ ದೊಡ್ಡಪ್ಪ. ಅಪ್ಪನಿಗೆ ನಾವು ಬೇಡ ಆಗಿದ್ವಾ ಅಂತ ಅವನ ಮಗಳು ಕೇಳ್ತಿದಾಳೆ. ಯಾರಿಗೋಸ್ಕರ ಸುಳ್ಳು ಹೇಳ್ತಿದೀರಿ?"

ದೊಡ್ಡಪ್ಪ ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು.

"ನಿಮ್ಮಪ್ಪ ಹೋಗೋ ದಿನ ನನ್ನ ಕೈ ಹಿಡ್ಕೊಂಡು ಮಾತು ತಗೊಂಡ. ಮಕ್ಕಳಿಬ್ಬರನ್ನೂ ನೋಡ್ಕೋ ಅಂದ. ಇಬ್ಬರನ್ನೂ, ನಟ್ಟು. ನಿನ್ನೊಬ್ಬಳನ್ನ ಅಂತ ಅಲ್ಲ."

ಆ ಮಾತು ಅವಳ ಕಿವಿಗೆ ಬಿತ್ತು. ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಗೇಟಿನ ಬಳಿ ಜಲ್ಲಿಕಲ್ಲು ಕರಕರ ಎಂದಿತು.

ಇಂಜಿನ್ನಿನ ಶಬ್ದವಿಲ್ಲ. ಕಲ್ಲಿನ ಮೇಲೆ ಚಕ್ರ ಉರುಳುವ ಶಬ್ದ ಮಾತ್ರ. ಅಣ್ಣನ ಬಿಳಿ ಬ್ಯಾಟರಿ ಕಾರು, ಇಲಾಖೆ ಹೆಮ್ಮೆಯಿಂದ ಎಲ್ಲ ಕಡೆ ತೋರಿಸುವ ಕಾರು, ಗೇಟಿನ ಹೊರಗೆ ತಿರುಗಿಕೊಂಡು ಹಿಮ್ಮುಖವಾಗಿ ಒಳಗೆ ಬರುತ್ತಿತ್ತು.

ಹಿಂದೆ ಏನಿದೆಯೆಂದು ತೋರಿಸಲು ಆ ಕಾರಿನಲ್ಲಿ ಕ್ಯಾಮೆರಾ ಇತ್ತು, ಪರದೆ ಇತ್ತು. ಅಣ್ಣ ಅದನ್ನು ನೋಡುತ್ತಿರಲಿಲ್ಲ. ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಹಾಕಿ, ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ, ತುಟಿ ಕಚ್ಚಿಕೊಂಡು ಬರುತ್ತಿದ್ದ. ಅಪ್ಪ ಹಾಗೇ ಬರುತ್ತಿದ್ದ. ತುಟಿ ಕಚ್ಚುವುದೂ ಹಾಗೇ.

ಹಸಿರು ಕಾರನ್ನು ದಾಟಿ, ಕಂಬವನ್ನು ದಾಟಿ, ಪಕ್ಕದ ಖಾಲಿ ಜಾಗಕ್ಕೆ ನೀರು ಹರಿದಷ್ಟು ಸಲೀಸಾಗಿ ಇಳಿಯಿತು. ಅವಳು ಗೋಡೆಯ ಕಡೆ ನಡೆದಳು. ಯಾಕೆ ನಡೆಯುತ್ತಿದ್ದೇನೆಂದು ಗೊತ್ತಿತ್ತು, ಗೊತ್ತಿರದೆ ಇದ್ದಿದ್ದರೆ ಚೆನ್ನಾಗಿತ್ತು. ಮಂಡಿಯೂರಿದಳು. ಹೆಬ್ಬೆರಳನ್ನು ಗೋಡೆಗೆ ಒತ್ತಿ ಎಡಗೈ ಚಾಚಿದಳು.

ಬಿಳಿ ಬಂಪರ್ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ನಿಂತಿತು.

ಅವಳ ಕಿರುಬೆರಳಿಗೆ ತಗುಲಲಿಲ್ಲ. ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಅಪ್ಪನ ಕೈ ಆಗಿದ್ದರೆ ತಗುಲುತ್ತಿತ್ತು.

ಕೈ ತೂರಿಸಿ ನೋಡಲು ಆ ಕಾರಿಗೆ ಸೈಲೆನ್ಸರೇ ಇರಲಿಲ್ಲ.

"ಏನು ಹುಡುಕ್ತಿದೀಯ ಅಲ್ಲಿ ಕೂತು?" ಅಣ್ಣ ಇಳಿದು ಬಂದ. ಮುಖದಲ್ಲಿ ನಗು ಇತ್ತು, ಮೂರು ದಿನದಿಂದ ನಿದ್ದೆ ಇಲ್ಲದವನ ನಗು. ಒಮ್ಮೆ ಮೇಲಿನ ಕಿಟಕಿ ನೋಡಿದ, ಕಟ್ಟೆ ನೋಡಿದ, ಬೇಗ ಕಣ್ಣು ತೆಗೆದ. "ಆ ಡಬ್ಬ ಕೊಡು ನಟ್ಟು. ಪಟ್ಟಿ ನಾನೇ ಸರಿ ಮಾಡ್ತೀನಿ."

"ಮಂಗಳವಾರ ಸಂಜೆ ಚೀಟಿ ನೋಡೋಕೆ ಯಾರು ಬರ್ತೀನಿ ಅಂದಿದ್ರು, ಅಣ್ಣ?"

ಅವನ ನಗು ಇದ್ದಲ್ಲೇ ಉಳಿಯಿತು. ಬಾಯಿ ತೆರೆದ. ಬಂದದ್ದು ಅವನ ದನಿಯಲ್ಲ, ಇಂಜಿನ್ನಿನ ಕೆಮ್ಮು.

ಇಬ್ಬರೂ ತಿರುಗಿ ನೋಡಿದರು. ಹಸಿರು ಕಾರು ಗೇಟಿಗೆ ಮೂತಿ ಮಾಡಿಕೊಂಡೇ ನಿಂತಿತ್ತಲ್ಲ. ಮುಂದಕ್ಕೆ ಹೋಗಲು ಯಾರೂ ಕತ್ತು ತಿರುಗಿಸಬೇಕಾಗಿಲ್ಲ. ಮುಂದಿನ ಸೀಟಿನಲ್ಲಿ ಬಿಸ್ಕತ್ತಿನ ಡಬ್ಬ, ಅದರ ಪಕ್ಕದಲ್ಲಿ ನೆಟ್ಟಗೆ ಕೂತ ದೊಡ್ಡಪ್ಪ. ಗೇಟು ದಾಟಿ, ಸೇತುವೆಯ ರಸ್ತೆಗೆ ತಿರುಗಿ, ಕಾರು ಮರೆಯಾಯಿತು. ಡಬ್ಬವನ್ನು ಅವರು ಉಳಿಸಲು ಒಯ್ದರೋ, ನೀರಿಗೆ ಹಾಕಲು ಒಯ್ದರೋ, ನಟ್ಟುವಿಗೆ ಗೊತ್ತಿರಲಿಲ್ಲ. ಬೋಲ್ಟುವಿಗೂ ಗೊತ್ತಿಲ್ಲವೆಂದು ಅವನ ಮುಖ ಹೇಳುತ್ತಿತ್ತು.

ಅಂಗಳದಲ್ಲಿ ತೆಳುವಾಗಿ ಒಂದೆಳೆ ನೀಲಿ ಹೊಗೆ ಉಳಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಅಣ್ಣ ಮೂಗು ಮುಚ್ಚಿಕೊಳ್ಳುವುದನ್ನು ಮರೆತಿದ್ದ.